ನೆಗೆಣ್ಣಿಯ ಕಂದು ಬಾತು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮಾಸೂರಿನ ತವರಿನಿಂದ ಐದು ಬಾತುಕೋಳಿ ತಂದ ದಿನ ನಾನು ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಸಣ್ಣ ಜಾತಿಯವು. ನನ್ನ ಹುಂಜದ ಪಕ್ಕ ಮರಿಗಳಂತೆ ಕಾಣುತ್ತಿದ್ದವು.

“ಇವು ತತ್ತಿ ಇಡತಾವೋ, ಬರೇ ಕೆಸರ ಮಾಡತಾವೋ?” ಎಂದೆ.

“ನೋಡೂಣ್ರಿ ಅಕ್ಕಾ,” ಎಂದು ಅವಳು ಹಳೆಯ ಬಾನಿಯೊಂದನ್ನು ನೆಲದಲ್ಲಿ ಹೂತು ನೀರು ತುಂಬಿಸಿದಳು.

ಮಳೆ ಹಿಡಿದು ನನ್ನ ಕೋಳಿಗಳು ಮುದುಡಿ ಕುಳಿತ ದಿನಗಳಲ್ಲೂ ಅವು ತತ್ತಿ ಇಟ್ಟವು. ನಮ್ಮೆರಡು ಮನೆಗಳ ಹಿತ್ತಿಲ ನಡುವೆ ಇರುವುದು ಮುಳ್ಳಿನ ಬೇಲಿಯೊಂದೇ. ಬೆಳಗಾದರೆ ಅವಳ ಬುಟ್ಟಿಯಲ್ಲಿ ತಿಳಿನೀಲಿ ತತ್ತಿಗಳು ಕಾಣುತ್ತಿದ್ದವು. ಹದಿನಾಲ್ಕು ವರ್ಷ ನನ್ನ ಕೈಯಡುಗೆ ಉಂಡ ಅತ್ತೆ, ಈಗ ನನ್ನ ರೊಟ್ಟಿ ಹಿಡಿದುಕೊಂಡು ಪಲ್ಯಕ್ಕೆ ಅತ್ತ ಹೋಗುತ್ತಿದ್ದರು. “ಆ ತತ್ತಿ ಪಲ್ಯ ಭಾಳ ಚಲೋ ಆಗತೈತಿ ನೋಡವಾ,” ಎಂದು ಬಂದು ನನಗೇ ಹೇಳುತ್ತಿದ್ದರು. ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅಕ್ಕಿಆಲೂರಿನ ಗಿರಣಿಯಿಂದ ತೌಡು ತಂದು ಕೋಳಿಗಳಿಗೆ ಹಾಕಿದೆ. ತಿಂದು ಕೊಬ್ಬಿದವು, ಅಷ್ಟೇ.

ಒಂದು ಬೆಳಿಗ್ಗೆ ಸಗಣಿ ತೆಗೆಯಲು ಕೊಟ್ಟಿಗೆಗೆ ಹೋದಾಗ, ಅವಳ ಕಂದು ಬಾತು ಹುಲ್ಲಿನ ಮರೆಯಿಂದ ಎದ್ದು ಬೇಲಿಯ ಕಿಂಡಿಯತ್ತ ಓಡಿತು. ಹುಲ್ಲಿನಲ್ಲಿ ಬೆಚ್ಚಗಿನ ತತ್ತಿ. ಅವಳನ್ನು ಕೂಗಿ ಕೊಡಬೇಕಿತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದೆ. ಮೂರು ವಾರ ಹೀಗೇ ನಡೆಯಿತು. ಗಂಡ, ಮಕ್ಕಳು ಹೊರಗೆ ಹೋದ ಮೇಲೆ ಒಬ್ಬಳೇ ಬೇಯಿಸಿ ತಿಂದು, ಸಿಪ್ಪೆಯನ್ನು ಒಲೆಗೆ ಹಾಕುತ್ತಿದ್ದೆ. ರುಚಿಯಾಗಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಬರುತ್ತಿತ್ತು.

ಆಮೇಲೊಂದು ದಿನ ನೆಗೆಣ್ಣಿ ಬೇಲಿಯಾಚೆಯಿಂದ ಹೇಳಿದಳು. “ಆ ಕಂದ ಬಾತು ತತ್ತಿ ಇಡೂದ ಬಿಟ್ಟೈತ್ರಿ ಅಕ್ಕಾ. ನಾಳೆ ಸಂತ್ಯಾಗ ಮಾರಿಬಿಡ್ತೇನಿ. ಕೊಯ್ಯಾವ್ರು ಒಯ್ತಾರ.”

ಮರುದಿನ ಅದರ ಕಾಲು ಕಟ್ಟಿ, ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿಗೆ ಹೊರಟಳು. ಕಟ್ಟೆಯ ಮೇಲೆ ಅತ್ತೆ ಕುಳಿತಿದ್ದರು. ಅವರೆದುರೇ ನನ್ನ ಬಾಯಿಂದ ಮಾತು ಬಂತು.

“ಒಯ್ಯಬ್ಯಾಡ. ಅದು ದಿನಾ ನಮ್ಮ ಕೊಟಗ್ಯಾಗ ಇಡಾಕತ್ತೈತಿ. ನಾನ ತಗೋತಿದ್ನಿ.”

ಅತ್ತೆ ನನ್ನ ಮುಖ ನೋಡಿ ಒಳಗೆ ಎದ್ದು ಹೋದರು. ನೆಗೆಣ್ಣಿ ಬುಟ್ಟಿ ಇಳಿಸಿ ಕಾಲಿನ ಕಟ್ಟು ಬಿಚ್ಚಿದಳು.

“ಕೇಳಿದ್ರ ನಾನ ಕೊಡ್ತಿದ್ನೆಲ್ರಿ,” ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹದಿನೈದು ದಿನ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವಳೇ ಬಂದಳು. “ನಮ್ಮ ಬಾತು ಕಾವಿಗೆ ಕೂಡಂಗಿಲ್ರಿ. ನಿಮ್ಮ ಕೋಳಿ ಕಾವಿಗೆ ಕುಂತೈತೆಲ್ಲ, ಅದರ ಬುಡಕ ತತ್ತಿ ಇಡೂಣು. ಮರಿ ಇಬ್ಬರಿಗೂ ಆಗತಾವ.”

ನಾಲ್ಕು ವಾರಕ್ಕೆ ಆರು ಮರಿ ಹೊರಬಂದವು. ಮೊದಲು ಆರಿಸಿಕೊಳ್ಳಲು ನನಗೇ ಹೇಳಿದಳು. ನಾನು ದಪ್ಪಗಿದ್ದ ಮೂರನ್ನು ಹಿಡಿದುಕೊಂಡೆ. ಬೆಳೆದ ಮೇಲೆ ನೋಡಿದರೆ ಮೂರೂ ಗಂಡು. ಅವಳ ಪಾಲಿನ ಎರಡು ಮೊನ್ನೆಯಿಂದ ತತ್ತಿ ಇಡುತ್ತಿವೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದನ್ನು ಅವಳಿಗೆ ಹೇಳಿಯೂ ಇದ್ದೇನೆ.