ಯತ್ತಪ್ಪ ನಂಬಿದ ರಾಗಿ ಕೇರುವ ಚಿತ್ರ

ಪಾವಗಡದ ಯತ್ತಪ್ಪ ಟೂರಿಂಗ್ ಟಾಕೀಸಿನ ಪ್ರಚಾರದ ಗಾಡಿಯಲ್ಲಿ ಕೂತು ಮೈಕು ಹಿಡಿದನೆಂದರೆ ಕೋಟೆ ಬೆಟ್ಟ ಒಂದು ಮಾರು ಹಿಂದೆ ಸರಿಯುತ್ತಿತ್ತು. ಗಡಿಯಾಚೆ ಆಂಧ್ರದ ಕುರಿಗಳು ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಕನ್ನಡದಲ್ಲಿ ಹೊರಟ ಸುಳ್ಳು ಗಡಿ ಮುಟ್ಟುವಷ್ಟರಲ್ಲಿ ತೆಲುಗಾಗಿರುತ್ತಿತ್ತು. ತಾಲ್ಲೂಕಿಗೆ ತಾಲ್ಲೂಕೇ ಅವನ ಮಾತು ನಂಬಿ ಟೆಂಟಿಗೆ ಬರುತ್ತಿತ್ತು. ನಂಬದವಳು ಒಬ್ಬಳೇ, ಹೆಂಡತಿ ಕ್ಯಾತಮ್ಮ. ಮದುವೆಯಾಗಿ ಹದಿನಾರು ವರ್ಷವಾದರೂ ಟೆಂಟಿಗೆ ಕಾಲಿಟ್ಟಿರಲಿಲ್ಲ.

“ಕುರಿ ಮೇಯ್ಸೋರ ವಂಶದಾಗೆ ಹುಟ್ಟಿ ಜನಾನ ಮೇಯ್ಸ್ತೀಯ. ನಿಂಗೇ ನಂಬ್ಕೆ ಇರೋ ಪಿಚ್ಚರ್ ಬಂದ್ರೆ ಕರಿ, ಬತ್ತೀನಿ,” ಎನ್ನುತ್ತಿದ್ದಳು. ಅಂಥ ಒಂದು ಪಿಚ್ಚರಿಗೆ ಯತ್ತಪ್ಪ ಒಳಗೊಳಗೇ ಕಾಯುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ಬೆಂಗಳೂರಿನ ಒಂದು ಪುಟ್ಟ ಕಾರ್ಟೂನ್ ಸ್ಟುಡಿಯೊ, ದೊಡ್ಡ ಪಿಚ್ಚರಿಗೆ ಮುಂಚೆ ಹಾಕಲೆಂದು ಹತ್ತು ನಿಮಿಷದ ಚಿತ್ರಗಳನ್ನು ಕಳಿಸತೊಡಗಿತು. ಮುಂಚಿತವಾಗಿ ಕಥೆ ಒಂದು ಕಾರ್ಡಿನಲ್ಲಿ ಬರುತ್ತಿತ್ತು. ಮೊದಲ ಕಾರ್ಡು: ‘ಒಂದು ಉಣ್ಣಿ ಕುರಿಯಿಂದ ಕುರಿಗೆ ಮನೆ ಬದಲಾಯಿಸುತ್ತದೆ.’

“ಉಣ್ಣಿ ಪಿಚ್ಚರ್ ಕಣ್ರಪ್ಪೋ! ಮೈ ಕೆರ್ಕೊಂಡೇ ಬನ್ನಿ!” ಎಂದು ಯತ್ತಪ್ಪ ಮೈಕಿನಲ್ಲೇ ಗೇಲಿ ಮಾಡಿದ.

ಪರದೆಯ ಮೇಲೆ ಉಣ್ಣಿ ಸೇರಿದ ಕುರಿಯೆಲ್ಲ ಕಟುಕನ ಪಾಲಾಗುತ್ತಿತ್ತು. ಐದನೆಯ ಮನೆ ಹೋದಾಗ ಮುಂದಿನ ಸಾಲಿನ ಕುರಿಗಾಹಿಗಳು ಅತ್ತು ಅತ್ತು ಕಂಬಳಿ ಹಿಂಡಬೇಕಾಯಿತು. ಟೆಂಟಿನ ಮಾಲೀಕ, ಮಧುಗಿರಿಯ ಸಿದ್ದಗಂಗಯ್ಯ, ಜನ್ಮದಲ್ಲಿ ಪಿಚ್ಚರು ನೋಡಿದವರಲ್ಲ. ಯತ್ತಪ್ಪನ ಬಾಯೇ ಅವರ ಕಣ್ಣು. “ಹೆಂಗಿತ್ಲಾ?” ಎಂದರು. ಆಡಿದ ಗೇಲಿ ನುಂಗಲಾರದೆ ಯತ್ತಪ್ಪ, “ಡಬ್ಬಾ ಸ್ವಾಮಿ,” ಅಂದುಬಿಟ್ಟ.

ಎರಡನೆಯ ಕಾರ್ಡು: ‘ಬಾವಿಯ ಹಗ್ಗ ಸವೆಯುತ್ತದೆ.’ ಅದಕ್ಕೂ ಗೇಲಿ. ಅವತ್ತು ಜನ ಉಸಿರು ಬಿಗಿಹಿಡಿದ ರಭಸಕ್ಕೆ ಟೆಂಟಿನ ಬಟ್ಟೆ ಒಳಕ್ಕೆ ಎಳೆದುಕೊಂಡಿತು. ಮಾಲೀಕರು ಕೇಳಿದರೆ, “ಇದೂ ಡಬ್ಬಾ ಸ್ವಾಮಿ. ಹಗ್ಗ ಸವೀತು, ಇನ್ನೇನು?” ಎಂದ.

ಎಂಬತ್ತೊಂದರಲ್ಲಿ ಮೂರನೆಯದು ಬಂತು: ‘ಒಬ್ಬಳು ರಾಗಿ ಕೇರುತ್ತಾಳೆ. ಅಷ್ಟೇ.’ ಯತ್ತಪ್ಪ ನಾಲ್ಕು ಸಲ ಓದಿದ. ಗೇಲಿ ಹುಟ್ಟಲಿಲ್ಲ. ಉಣ್ಣಿ ತೋರಿಸಿ ಜನರನ್ನು ಅಳಿಸಿದವರು ರಾಗಿಯನ್ನು ಸುಮ್ಮನೆ ಬಿಟ್ಟಾರೆಯೇ? ನೆಟ್ಟಗೆ ಮನೆಗೆ ಹೋದ.

“ಪಿಚ್ಚರಿಗೆ ಬಾರಮ್ಮಿ. ಒಬ್ಬಾಕೆ ರಾಗಿ ಕೇರ್ತಾಳೆ.”

“ಆಮ್ಯಾಕೆ?”

“ಗೊತ್ತಿಲ್ಲ.”

“ನೀನ್ ನೋಡಿದೀಯ?”

“ಇಲ್ಲ. ನಂಬಿವ್ನಿ.”

ಕ್ಯಾತಮ್ಮ ಕೈಲಿದ್ದ ಮೊರ ಕೆಳಗಿಟ್ಟಳು. ಹದಿನೆಂಟು ವರ್ಷದಲ್ಲಿ ಆ ಬಾಯಿಂದ ‘ಗೊತ್ತಿಲ್ಲ’ ಬಂದದ್ದು ಅದೇ ಮೊದಲು.

ಆಟದ ದಿನ ಯತ್ತಪ್ಪ, “ಒಬ್ಬಾಕೆ ರಾಗಿ ಕೇರ್ತಾಳೆ, ಬನ್ನಿ,” ಎಂದಷ್ಟೇ ಸಾರಿದ. ಇವನಿಗೆ ಜ್ವರವಿರಬೇಕೆಂದು ಊರೂರೇ ಮರುಗಿತು. ಸಂಜೆಯ ಮೊದಲ ಆಟಕ್ಕೆ ಕ್ಯಾತಮ್ಮ ಪೆಟ್ಟಿಗೆಯ ಸೀರೆ ಉಟ್ಟು ಹೆಂಗಸರ ಕಡೆ ಮರಳ ಮೇಲೆ ಕೂತಳು. ದೇವರ ಹಾಡು ಮುಗಿಯಿತು, ದೀಪ ಆರಿತು. ಪರದೆಯ ಮೇಲೆ ನೇರವಾಗಿ ದೊಡ್ಡ ಪಿಚ್ಚರಿನ ಕತ್ತಿವರಸೆಯೇ ಶುರುವಾಯಿತು.

ಯತ್ತಪ್ಪ ಮಾಲೀಕರ ಬಳಿಗೆ ಓಡಿದ. “ಸ್ವಾಮಿ, ರಾಗಿ ಪಿಚ್ಚರು?”

“ಆ ಡಬ್ಬೀನಾ? ನೀನು ಗಾಡಿ ಮೇಲೋದಾಗ ಬಂತು, ಹಂಗೇ ಬಸ್ಸಿಗಾಕಿ ವಾಪಸ್ ಕಳಿಸ್ದೆ. ಇನ್ಮೇಲೆ ಕಳಿಸ್ಬೇಡಿ ಅಂತ್ಲೂ ಬರ್ಸಿವ್ನಿ. ನೀನೇ ಅಲ್ವೇನ್ಲಾ ಎರಡು ಸಲಾನೂ ಡಬ್ಬಾ ಅಂದಿದ್ದು? ನಿನ್ ಮಾತ್ ಮೇಲೆ ನಂಗೆ ಪೂರ್ತಿ ನಂಬ್ಕೆ ಕಣ್ಲಾ!”

ಮತ್ತೆ ಆ ಸ್ಟುಡಿಯೊದಿಂದ ಕಾರ್ಡು ಬರಲಿಲ್ಲ.

ಕ್ಯಾತಮ್ಮ ಮಾರನೆಯ ಬೆಳಿಗ್ಗೆ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಅಂಗಳದಲ್ಲಿ ಮೊರ ಹಿಡಿದು ಕೂತಳು. ಬಾಗಿಲಲ್ಲಿ ನಿಂತಿದ್ದ ಗಂಡನ ಮುಖಕ್ಕೆ ಹೊಟ್ಟು ಹಾರಿತು.

“ನೋಡ್ಕೋ, ಕೇರ್ತಾವ್ಳೆ,” ಎಂದಳು. “ಓಗು, ಸಾರು.”