ಟ್ಯೂಬಿನಲ್ಲಿ ಮಿಕ್ಕ ಮದ್ದು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ದಟ್ಟ ಮಂಜು; ಹತ್ತರ ನಂತರ ಕಣ್ಣು ಕುಕ್ಕುವ ಬಿಸಿಲು. ಹಾಲಿನಕ್ಕನ ಬಲಗೈ ತೋರುಬೆರಳಿನ ಕೀವನ್ನು ಪರೀಕ್ಷಿಸಿದ ವರದಿ ಬಂದದ್ದು ಆ ದಿನ.

ಹನ್ನೆರಡು ಹಸುಗಳ ಒಡತಿ ಆಕೆ. ಎರಡು ಹೊತ್ತೂ ಕೈಯಿಂದಲೇ ಹಾಲು ಹಿಂಡುವವಳು. ಯಂತ್ರ ಕೊಳ್ಳಲು ಹೇಳಿದವರಿಗೆ, "ನನ್ನ ಬೆರಳಿಗೆ ಗೊತ್ತಾಗೋದು ಯಂತ್ರಕ್ಕೆ ಗೊತ್ತಾಗುತ್ತಾ?" ಎನ್ನುತ್ತಿದ್ದಳು. ಅದು ಜಂಬವಲ್ಲ. ಕೆಚ್ಚಲು ಬಾವು ಕಣ್ಣಿಗೆ ಬೀಳುವ ಹಿಂದಿನ ದಿನವೇ ಆ ತೋರುಬೆರಳು ಅದರ ಬಿಸಿಯನ್ನು ಗುರುತಿಸುತ್ತಿತ್ತು. ಕೂಡಲೇ ಅಂಗಡಿಯಿಂದ ಮೊಲೆತೊಟ್ಟಿನೊಳಗೆ ಹಿಂಡುವ ಮದ್ದಿನ ಟ್ಯೂಬು ತರುವುದು, ಬಾವು ಇಳಿದೊಡನೆ ನಿಲ್ಲಿಸುವುದು ವಾಡಿಕೆ. ಮಿಕ್ಕದ್ದನ್ನು ಚೆಲ್ಲಲು ಮನಸ್ಸು ಬಾರದೆ, ನೀರಿನಲ್ಲಿ ನೆನೆದು ಬಿರಿದ ತನ್ನ ಬೆರಳುಗಳಿಗೆ ಸವರಿಕೊಳ್ಳುತ್ತಿದ್ದಳು. ಹದಿನಾರು ವರ್ಷ ಹೀಗೆಯೇ ನಡೆಯಿತು.

ಜನವರಿಯಲ್ಲಿ ಒಂದು ಬಿರುಕು ಮಾಯಲಿಲ್ಲ. ಫೆಬ್ರವರಿಯಲ್ಲಿ ಬೆರಳು ಬದನೆಕಾಯಿಯಂತೆ ಊದಿತು. ಎರಡು ಬಗೆಯ ಮಾತ್ರೆಗೂ ಜಗ್ಗಲಿಲ್ಲ.

"ಹದಿನಾಲ್ಕು ಔಷಧ ಹಾಕಿ ನೋಡಿದಾರಮ್ಮ," ಎಂದರು ಆಸ್ಪತ್ರೆಯ ವೈದ್ಯರು, ವರದಿಯಿಂದ ಮುಖ ಎತ್ತದೆ. "ಹನ್ನೆರಡಕ್ಕೆ ಈ ಕ್ರಿಮಿ ಸಾಯೋದಿಲ್ಲ. ಉಳಿದ ಎರಡೂ ಇಂಜೆಕ್ಷನ್ನು. ಮೂಳೆಗೆ ಇಳಿದಿದೆ, ಬೆರಳು ಉಳಿಯುತ್ತೆ ಅಂತ ಹೇಳಲಾರೆ. ಇವನ್ನೆಲ್ಲ ಮುಂಚೆ ತಗೊಂಡಿದ್ರಾ?"

"ಈ ಬೆರಳು ಊದೋಕೆ ಮುಂಚೆ ನಾನು ಜ್ವರಕ್ಕೂ ಮಾತ್ರೆ ನುಂಗಿದವಳಲ್ಲ."

ಆಕೆ ಪಟ್ಟಿಯನ್ನು ಎಳೆದುಕೊಂಡು ಓದಿದಳು. ಮೊದಲನೆಯದು, ಮೂರನೆಯದು, ಏಳನೆಯದು: ಕೊಟ್ಟಿಗೆಯ ಗೂಡಿನಲ್ಲಿ ಪೇರಿಸಿಟ್ಟ ಖಾಲಿ ಡಬ್ಬಿಗಳ ಮೇಲಿನ ಹೆಸರುಗಳೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹಸುವಿನ ಮದ್ದು ಕೈಗೆ ಹಚ್ಕೋತಾರೇನಮ್ಮ? ಅರೆಬರೆ ಮದ್ದು ಹಾಕಿ ನಿಲ್ಲಿಸಿದ್ರೆ, ಸಾಯದೆ ಉಳಿದ ಕ್ರಿಮಿ ಆ ಮದ್ದಿಗೇ ಒಗ್ಗಿಬಿಡುತ್ತೆ. ನಿಮ್ಮಂಥವರಿಂದಾನೇ ಈ ಕ್ರಿಮಿಗಳು ಕೊಬ್ಬೋದು."

"ನಮ್ಮಂಥೋರು ಅಂದ್ರೆ ಯಾರು ಡಾಕ್ಟ್ರೇ? ಹಸು ನೋಡೋ ಡಾಕ್ಟ್ರು ಬರೋದು ತಿಂಗಳಿಗೊಂದ್ಸಲ. ಅಂಗಡಿ ದಿನಾ ತೆಗೆದಿರುತ್ತೆ. ಹದಿನಾರು ವರ್ಷದಲ್ಲಿ ಒಬ್ರಾದ್ರೂ ಬಂದು, ತಾಯಿ, ಹೀಗೆ ಮಾಡಬೇಡ ಅಂದ್ರಾ?"

ವೈದ್ಯರು ಪೆನ್ನಿನ ಮುಚ್ಚಳವನ್ನು ತೆಗೆದು, ಮತ್ತೆ ಹಾಕಿದರು.

ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾದಿನಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಕೇಳಿದ್ದೆ. ಹಸುವಿನ ಕೆಚ್ಚಲು ಬಾವಿಗೆ ನೀವೇ ಬರೆ ಎಳ್ಕೊಂಡ್ರಲ್ಲ ಅತ್ತಿಗೆ!"

"ಬಾಯ್ಮುಚ್ಚೇ. ನಕ್ಕರೂ ಕೈ ನೋಯುತ್ತೆ."

ಆಸ್ಪತ್ರೆ ಸೇರಿದ ಎಂಟನೆಯ ದಿನ ಬೆರಳನ್ನು ಎರಡು ಗಿಣ್ಣಿನವರೆಗೆ ಕತ್ತರಿಸಿದರು.

ಮನೆಗೆ ಮರಳಿದ ಸಂಜೆ ಆಕೆ ಚೀಲವನ್ನೂ ಇಳಿಸದೆ ಕೊಟ್ಟಿಗೆಗೆ ಹೋಗಿ, ಎಡಗೈಯಿಂದ ಕಪ್ಪು ಹಸುವಿನ ಕೆಚ್ಚಲು ಮುಟ್ಟಿದಳು. ಬಿಸಿಯೋ, ಬರಿಯ ಬೆಚ್ಚಗೋ, ತಿಳಿಯಲಿಲ್ಲ. ಮತ್ತೆ ಮುಟ್ಟಿದಳು. ತಿಳಿಯಲಿಲ್ಲ. ಅಲ್ಲಿಂದ ನೇರ ಮದ್ದಿನಂಗಡಿಗೆ ನಡೆದಳು.

"ಬಂದ್ರಾ ಅಕ್ಕ! ಹೊಸ ಟ್ಯೂಬು ಬಂದಿದೆ, ಹಳೇದಕ್ಕಿಂತ ಜೋರು," ಎಂದ ಅಂಗಡಿಯವನು.

"ಡಾಕ್ಟ್ರ ಚೀಟಿ ಇಲ್ದೆ ಇದನ್ನ ಮಾರಬಾರ್ದು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನಕ್ಕ? ಚೀಟಿ ಕೇಳ್ತಾ ಕೂತ್ರೆ ನೀವು ಪಕ್ಕದಂಗಡಿಗೆ ಹೋಗ್ತೀರಿ."

ಆಕೆ ಕಟ್ಟು ಹಾಕಿದ ಕೈಯನ್ನು ಅವನ ಗಾಜಿನ ಮೇಜಿನ ಮೇಲಿಟ್ಟಳು. "ನೀನು ಗೊತ್ತಿದ್ದು ಮಾರಿದೆ. ನಾನು ಗೊತ್ತಿಲ್ದೆ ಹಚ್ಕೊಂಡೆ. ಹೋಗಿದ್ದು ಮಾತ್ರ ನನ್ನ ಬೆರಳು."

 ಆಕೆ ಎದುರಿನ ಪುಸ್ತಕದಂಗಡಿಯಲ್ಲಿ ಗೋಂದು ಕೊಂಡು ಬಂದು, ತನಗೆ ಗುರುತಾದ ಹೆಸರುಗಳಿಗೆಲ್ಲ ಗೆರೆ ಎಳೆದಿದ್ದ ವರದಿಯನ್ನು ಚೀಲದಿಂದ ತೆಗೆದು ಎಡಗೈಯಿಂದ ಅವನ ಗಾಜಿನ ಬಾಗಿಲಿಗೆ ಅಂಟಿಸಿದಳು, ಬೀದಿಗೆ ಮುಖವಾಗಿ. ಸೊಟ್ಟಗಾಯಿತು. ಹಾಲಿನ ಕ್ಯಾನು ಹಿಡಿದ ಇಬ್ಬರು ಓದಲು ನಿಂತರು. ಅದನ್ನು ಕೀಳಲು ಅಂಗಡಿಯವನ ಕೈ ಏಳಲಿಲ್ಲ.

ಖರ್ಚು: ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಇಂಜೆಕ್ಷನ್ ಮೂವತ್ತೆಂಟು. ಅದಕ್ಕಾಗಿ ಮಾರಿದ ಹಸು ಮೂರು. ತೋರುಬೆರಳು, ಎರಡು ಗಿಣ್ಣು. ಗೋಂದು ಒಂದು ಸೀಸೆ, ಅರ್ಧ ಮಿಕ್ಕಿದೆ.