ಎಂಟನೇ ಜೋಡಿಯ ಬಳೆ

ನಾನು ಚಿಕ್ಕವಳಿದ್ದಾಗ ಬಣ್ಣಗಳ ಹೆಸರು ಕಲಿತದ್ದು ಶಾಲೆಯಲ್ಲಲ್ಲ, ಟೆಲಿಫೋನ್ ಕೇಬಲ್ಲಿನ ಒಂದು ತುಂಡಿನಿಂದ. ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಕೆಲಸದ ಮೇಲ್ವಿಚಾರಕರು. ಧಾರವಾಡದಿಂದ ವರ್ಗವಾಗಿ ವಡೋದರಾಕ್ಕೆ ಬಂದು ಮಂಜಲ್‌ಪುರದ ಒಂದು ಕಟ್ಟಡದ ಕೆಳಮನೆಯಲ್ಲಿದ್ದೆವು. ಶನಿವಾರಗಳಲ್ಲಿ ಅವರು ವಿದ್ಯುತ್ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳುತ್ತಿದ್ದರು. ಅದಕ್ಕೆಂದು ಗೇಣುದ್ದದ ಕೇಬಲ್ ತುಂಡೊಂದು ಶುಕ್ರವಾರ ಮನೆಗೆ ಬರುತ್ತಿತ್ತು, ಶನಿವಾರ ವಾಪಸು ಹೋಗುತ್ತಿತ್ತು. ಇಲಾಖೆಯ ಒಂದು ಎಳೆ ತಂತಿಯನ್ನೂ ಅಪ್ಪ ಮನೆಯಲ್ಲಿ ಇಟ್ಟುಕೊಂಡವರಲ್ಲ.

ಆ ಶುಕ್ರವಾರದ ಸಂಜೆ ನನ್ನದು. ಅಪ್ಪನ ಅಂಗಿಗೆ ಕಾಯಿಸಿದ ಮೇಣದ, ಅಗೆದ ಮಣ್ಣಿನ ವಾಸನೆ ಇರುತ್ತಿತ್ತು. ಪಕ್ಕದಲ್ಲಿ ಕೂತು ತಂತಿಗಳನ್ನು ಎಣಿಸುತ್ತಿದ್ದೆ. ಕೇಬಲ್ಲಿನೊಳಗೆ ತಂತಿಗಳು ಒಂಟಿಯಾಗಿರುವುದಿಲ್ಲ, ಎರಡೆರಡು ಹೊಸೆದುಕೊಂಡಿರುತ್ತವೆ. ಒಂದು ಫೋನಿಗೆ ಒಂದು ಜೋಡಿ. ಬಿಳಿಯ ಜೊತೆ ನೀಲಿ ಇದ್ದರೆ ಅದು ಒಂದನೇ ಜೋಡಿ. ಬಿಳಿ-ಕಿತ್ತಳೆ ಎರಡು, ಬಿಳಿ-ಹಸಿರು ಮೂರು, ಆಮೇಲೆ ಕಂದು, ಬೂದು. ಆರರಿಂದ ಬಿಳಿಯ ಜಾಗಕ್ಕೆ ಕೆಂಪು ಬಂದು ಮತ್ತೆ ನೀಲಿಯಿಂದ ಶುರು. ಹೊಸೆದದ್ದನ್ನು ಸುಮ್ಮಸುಮ್ಮನೆ ಬಿಚ್ಚಿದರೆ ಪಕ್ಕದ ಜೋಡಿಯ ಮಾತು ಇದರೊಳಗೆ ನುಸುಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಮಗ್ಗಿಯಂತೆ ಗಡಗಡ ಒಪ್ಪಿಸುತ್ತಿದ್ದೆ. ಆ ಹುಡುಗರಿಗಿಂತ ನನಗೇ ಚೆನ್ನಾಗಿ ಬರುತ್ತದೆಂಬ ಜಂಬ ಬೇರೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನು ಅರ್ಧ ಕೊಡ.

ನವರಾತ್ರಿ ಹತ್ತಿರ ಬಂದಿತ್ತು. ಗರ್ಬಾ ಆಡುವ ಹುಡುಗಿಯರಲ್ಲಿ ಆ ವರ್ಷ ತಂತಿ ಬಳೆಗಳ ಹುಚ್ಚು. ಎಲ್ಲಿಂದಲೋ ಬಣ್ಣದ ತಂತಿ ತಂದು ಹೆಣೆದು ತೊಡುತ್ತಿದ್ದರು. ಟೆಲಿಫೋನಿನವರ ಮಗಳಾದ ನನ್ನ ಕೈ ಮಾತ್ರ ಬೋಳು! ನನ್ನ ಲಂಗ ಕೆಂಪು, ಅಂಚು ಹಸಿರು. ಕೆಂಪು-ಹಸಿರಿನದೇ ಒಂದು ಬಳೆ ಬೇಕೆಂದು ಜೀವ ಒದ್ದಾಡುತ್ತಿತ್ತು.

ನಮ್ಮ ಮೆಟ್ಟಿಲ ಕೆಳಗಿನ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಬೀದಿಯಿಂದ ಬಂದ ಕೇಬಲ್ಲಿನ ಹತ್ತು ಜೋಡಿಗಳು ಅದರೊಳಗೆ ಬಿಡಿಬಿಡಿಯಾಗಿ ಫೋನಿದ್ದ ಮನೆಗಳಿಗೆ ಹೋಗುತ್ತಿದ್ದವು. ಮುಚ್ಚಳದ ಚಿಲಕ ತುಕ್ಕು ಹಿಡಿದು ಸಡಿಲವಾಗಿತ್ತು. ಒಂದು ರಜೆಯ ದಿನ ಬೆಳಿಗ್ಗೆ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಮನೆಯಲ್ಲಿದ್ದ ಕಟ್ಟಿಂಗ್ ಪ್ಲೇಯರ್ ಹಿಡಿದು ಅಲ್ಲಿಗೆ ಹೋದೆ. ಒಳಗೆ ಪ್ರತಿ ಜೋಡಿಯನ್ನೂ ಒಂದೊಂದು ಸುತ್ತು ಸುರುಳಿ ಮಾಡಿ ಬಿಟ್ಟಿದ್ದರು. ಸುರುಳಿ ಸುತ್ತಿ ಬಿಟ್ಟಿದ್ದಾರೆಂದರೆ ಹೆಚ್ಚಾಗಿ ಉಳಿದದ್ದು ಎಂದು ನಾನೇ ತೀರ್ಮಾನಿಸಿದೆ. ನಿಜಕ್ಕೂ ಅದನ್ನು ಮುಂದೆ ರಿಪೇರಿ ಬಂದರೆ ಎಳೆದುಕೊಳ್ಳಲು ಬಿಟ್ಟಿರುತ್ತಾರೆ, ಮಾತು ಆ ಸುರುಳಿಯನ್ನು ಸುತ್ತಿಕೊಂಡೇ ಹೋಗಬೇಕು. ಅಪ್ಪ ಅದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೆಂಪು-ಹಸಿರನ್ನು ಹುಡುಕಿ ಎರಡು ಕಡೆ ಟಕ್, ಟಕ್ ಎಂದು ಕತ್ತರಿಸಿದೆ. ಬಳೆ ಸೊಗಸಾಗಿಯೇ ಬಂತು. "ಎಲ್ಲೀದು?" ಎಂದು ಅಕ್ಕ ಕೇಳಿದಾಗ ಗೆಳತಿ ಕೊಟ್ಟಳೆಂದು ಸುಳ್ಳು ಹೇಳಿದೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಗುಜರಾತಿ ಹೆಂಗಸು ಇದ್ದರು. ನಾವು ಅವರನ್ನು ಮಾಸಿ ಎನ್ನುತ್ತಿದ್ದೆವು, ಅಂದರೆ ಚಿಕ್ಕಮ್ಮ. ಅವರ ಮಗಳನ್ನು ಸೂರತ್ತಿನ ವರಾಛಾಕ್ಕೆ ಕೊಟ್ಟಿದ್ದರು. ಮಗಳಿಗೆ ದಿನ ತುಂಬಿತ್ತು. ಮಗಳ ಮನೆಯಲ್ಲಿ ಫೋನಿರಲಿಲ್ಲ. ನೋವು ಶುರುವಾದ ಕೂಡಲೇ ಅಳಿಯ ಪಕ್ಕದ ಮನೆಯಿಂದ ಫೋನ್ ಮಾಡುವುದು, ಆಸ್ಪತ್ರೆಗೆ ಹೊರಡುವ ಮುಂಚೆ ಮಗಳು ಅಮ್ಮನ ದನಿ ಕೇಳುವುದು, ಹೀಗೆಂದು ಮಾತಾಗಿತ್ತು. ಇದು ನನಗೂ ಗೊತ್ತಿತ್ತು. ಆ ದಿನ ಮಾಸಿ ಬೆಳಿಗ್ಗೆಯಿಂದ ಫೋನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಮಧ್ಯಾಹ್ನ ರಿಸೀವರ್ ಎತ್ತಿ ನೋಡಿದರೆ ಗುಂಯ್ ಎನ್ನುವ ಸದ್ದೇ ಇಲ್ಲ. ಅವರು ಗಾಬರಿಯಿಂದ ಮೆಟ್ಟಿಲು ಹತ್ತಿ ಇಳಿಯುವುದು ಕೇಳಿಸುತ್ತಿತ್ತು. ನಾನು ಕತ್ತರಿಸಿದ್ದು ಅವರ ಜೋಡಿಯನ್ನೇ ಎಂದು ಆಗ ಹೊಳೆಯಿತು. ಬಳೆಯನ್ನು ತೋಳಿನ ಮೇಲಕ್ಕೆ ತಳ್ಳಿ ಅಂಗಿಯ ತೋಳಲ್ಲಿ ಮುಚ್ಚಿಕೊಂಡೆ, ಬಾಯಿಯನ್ನೂ ಮುಚ್ಚಿಕೊಂಡೆ.

ಸಂಜೆ ಅಪ್ಪ ಮಕರ್‌ಪುರದ ಕಡೆಯಿಂದ ಸೈಕಲ್ಲಿನಲ್ಲಿ ಬಂದು ಇಳಿಯುವಷ್ಟರಲ್ಲೇ ಮಾಸಿ ಎದುರಾದರು.

"ಭಾಯಿ, ಮಾರೋ ಫೋನ್ ಬಂಧ್ ಛೇ! ಸವಾರ್‌ಥೀ ಬಂಧ್ ಛೇ!" ಎಂದು ಅಳುದನಿಯಲ್ಲಿ ಕೂಗಿದರು. ಬೆಳಿಗ್ಗೆಯಿಂದ ಸತ್ತುಬಿದ್ದ ಫೋನು ಅವರದು. ಅಕ್ಕಪಕ್ಕದವರೂ ಸೇರಿ ನಿಮ್ಮ ಇಲಾಖೆಯೇ ಹೀಗೆ ಎಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. ಏನಾಗಿದೆಯೆಂದು ತಿಳಿಯುವ ಮೊದಲೇ ಅಪ್ಪ ಎರಡೂ ಕೈ ಜೋಡಿಸಿ "ತಪ್ಪು ನಮ್ಮದೇ" ಎಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

ಅಪ್ಪ ಪೆಟ್ಟಿಗೆ ತೆರೆದು ಕತ್ತರಿಸಿದ ತುದಿಗಳನ್ನು ಬೆರಳಲ್ಲಿ ಹಿಡಿದು ನೋಡಿದರು. ಕೆಲಸದ ಚೀಲದಿಂದ ಜೋಡಿ ತಂತಿಯ ಒಂದು ತುಂಡು ತೆಗೆದು ತಾತ್ಕಾಲಿಕವಾಗಿ ಸೇರಿಸಿದರು. ಸ್ವಲ್ಪ ಹೊತ್ತಿಗೇ ಮೇಲೆ ಫೋನ್ ಗಣಗಣ ಎಂದಿತು. ಹೆಣ್ಣು ಮಗು ಹುಟ್ಟಿತ್ತು, ಬಾಣಂತಿ ಕ್ಷೇಮ. ಆದರೆ ಹೆರಿಗೆ ಕಷ್ಟವಾಗಿತ್ತಂತೆ, ಒಳಗೆ ಕರೆದುಕೊಂಡು ಹೋಗುವವರೆಗೂ ಮಗಳು "ಅಮ್ಮ ಯಾಕೆ ಫೋನ್ ಎತ್ತುತ್ತಿಲ್ಲ" ಎಂದೇ ಕೇಳುತ್ತಿದ್ದಳಂತೆ. ಮಾಸಿ ಸಂತೋಷಕ್ಕೋ ಸಂಕಟಕ್ಕೋ ಗೊಳೋ ಎಂದು ಅತ್ತರು.

ಅಪ್ಪ ಒಳಗೆ ಬಂದು ಕೈಕಾಲು ತೊಳೆದರು. "ಯಾರೋ ಪ್ಲೇಯರ್ ಹಚ್ಚಿ ಕತ್ತರಿಸ್ಯಾರ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ತೋಳಿಗೆ ಹೋಯಿತು, ಬಳೆ ಜಾರಿ ಮಣಿಕಟ್ಟಿಗೆ ಬಂತು. ಅಪ್ಪ ಅದನ್ನು ಪುಸ್ತಕ ಓದಿದ ಹಾಗೆ ಓದಿದರು.

"ಕೆಂಪು-ಹಸರು. ಎಂಟನೇ ಜೋಡಿ ಅಲ್ಲೇನವಾ?"

ನಾನು ತಲೆ ತಗ್ಗಿಸಿದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ, "ಮಾಸಿಗೆ ನೀ ಹೇಳ್ತಿಯೋ, ನಾ ಹೇಳ್ಲೋ?" ಎಂದರು.

"ನೀವಽ ಹೇಳ್ರಿ ಅಪ್ಪಾ" ಎಂದೆ.

ಮಕ್ಕಳೇ, ತಂತಿ ಕತ್ತರಿಸಿದ್ದಕ್ಕಿಂತ ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ದಣಿದು ಬಂದ ಅಪ್ಪ ನನ್ನ ಬದಲು ಮೆಟ್ಟಿಲು ಹತ್ತಿದರು. ಹದಿನಾಲ್ಕು ಮೆಟ್ಟಿಲು. ಕೆಳಗೆ ಕೂತು ಒಂದೊಂದನ್ನೂ ಎಣಿಸಿದೆ.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದೊಯ್ದು ಬಳೆ ಕೇಳಿದರು. ಬಿಚ್ಚಿ, ಬೆರಳುಗಳ ನಡುವೆ ತೀಡಿ ತೀಡಿ ನೇರ ಮಾಡಿ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸಿದರು. ಎಷ್ಟು ತೀಡಿದರೂ ಬಳೆಯ ಬಾಗು ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ಮಾಸಿ ಸೂರತ್ತಿಗೆ ಹೊರಟು ಕೆಳಗಿಳಿದರು. ತಂತಿಯನ್ನು ನೋಡಿದರು, ನನ್ನ ಬೋಳು ಕೈ ನೋಡಿದರು. ಚೀಲದ ಡಬ್ಬಿಯಿಂದ ಬೆಲ್ಲ-ತುಪ್ಪದ ಸುಖಡಿಯ ಎರಡು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟು ರಿಕ್ಷಾ ಹತ್ತಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡು ವರ್ಷದ ನಂತರ ನಮಗೆ ಅಹಮದಾಬಾದಿಗೆ ವರ್ಗವಾಯಿತು. ಅಲ್ಲಿಯವರೆಗೂ ಮಾಸಿಯ ಫೋನ್ ಗಣಗಣ ಎಂದಾಗಲೆಲ್ಲ, ಆ ಮಾತು ನನ್ನ ಬಳೆಯನ್ನು ಹಾದು ಬಂತು ಅನಿಸುತ್ತಿತ್ತು.

ಹೋದ ವಾರ ನಮ್ಮ ಮನೆಗೆ ಇಂಟರ್ನೆಟ್ಟಿನವರು ಬಂದು ಹೋದ ಮೇಲೆ, ನಿಮ್ಮಲ್ಲೊಬ್ಬ ಗೋಡೆಯ ಮೇಲಿನ ಸುರುಳಿಗೆ ಕತ್ತರಿ ಹಿಡಿದು "ಅಜ್ಜಿ, ಯೇ ತೋ ಎಕ್ಸ್‌ಟ್ರಾ ಹೈ", ಇದು ಹೆಚ್ಚಾಗಿ ಉಳಿದದ್ದು, ಎಂದಾಗ ನಾನು ಕಿರುಚಿದ್ದು ಇದಕ್ಕೇ. ತಲೆನೋವಿಗೆ ಕಿರುಚಿದೆ ಎಂದು ಆಗ ಹೇಳಿದ್ದು ಸುಳ್ಳು. ಆ ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆಗಳಿಗೂ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂದು ಅದೇ ಸಾಲು, ಗೊತ್ತೇ? ನಿಮ್ಮ ಸಂದೇಶ ಮುಟ್ಟಿತೋ ಇಲ್ಲವೋ ಎಂದು ಆ ಕ್ಷಣವೇ ಗುರುತು ಬೀಳುತ್ತದೆ. ದಿನವಿಡೀ ಸ್ಟೂಲಿನ ಮೇಲೆ ಕಾಯುವವರು ನಿಮ್ಮಲ್ಲಿ ಯಾರೂ ಇಲ್ಲ. ಜೇಬಿನಿಂದ ಫೋನ್ ತೆಗೆದು ಏಳು ಸಮುದ್ರದಾಚೆಗೂ "ಸಾರಿ" ಎನ್ನುತ್ತೀರಿ. ನಾನು ಹತ್ತಬೇಕಾಗಿದ್ದದ್ದು ಹದಿನಾಲ್ಕೇ ಮೆಟ್ಟಿಲು. ಹತ್ತಲಿಲ್ಲ.